ಸಾಲಿನಲ್ಲಿ ಕಾದಿದ್ದ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾವನ ಅಚ್ಚುಕೂಟದ ಒಳಕೋಣೆಗೆ ಹಸಿರು ಬಾಗಿಲಿತ್ತು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೊಂದು ದಿನ ಹಳೆಯ ದಿನಚರಿ ತೆಗೆದು ನೋಡಿದರೆ, ನನ್ನದೇ ಅಕ್ಷರದಲ್ಲಿ, 'ಒಳಕೋಣೆಗೆ ಬಾಗಿಲಿಲ್ಲ, ಗೋಣಿ ಪರದೆ ಅಷ್ಟೆ' ಎಂದು ಬರೆದಿದೆ. ಇಲ್ಲದ ಬಾಗಿಲಿಗೆ ಬಣ್ಣ ಬಳಿದುಕೊಂಡು ಕೂತ ನೆನಪು ನನ್ನದು. ಚರಿತ್ರೆಯಲ್ಲಿ ಎಂ.ಎ. ಮಾಡಿ, ಸಾಕ್ಷ್ಯ ಎಂದರೇನು ಎಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವಳ ಗತಿ ಇದು. ಆದ್ದರಿಂದ ಮುಂದಿನದನ್ನು ಓದುವಾಗ ಸ್ವಲ್ಪ ಅನುಮಾನವನ್ನು ಕೈಯಲ್ಲಿಟ್ಟುಕೊಂಡೇ ಓದಿ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಇದನ್ನೆಲ್ಲ ಕೆದಕಿದ್ದು ಒಂದು ಸಣ್ಣ ಸಂಗತಿ. ನಾನು ಕಾಲೇಜಿನಿಂದ ನಿವೃತ್ತಳಾಗುವ ವರ್ಷ, ಒಂದು ಪ್ರಶ್ನೆಪತ್ರಿಕೆ ಪ್ರಿಂಟಾಗಬೇಕಿತ್ತು. ಪ್ರಿಂಟರು ಇದ್ದದ್ದು ಮೇಲಿನ ಮಹಡಿಯಲ್ಲಿ, ನನ್ನ ಮಂಡಿನೋವು ಇದ್ದದ್ದು ಕೆಳಗೆ. ಕಂಪ್ಯೂಟರ್ ಕೋಣೆಯ ಶೋಭಾ, "ಹತ್ಬೇಡಿ ಮೇಡಂ, ಇಲ್ಲಿಂದಲೇ ಕೇಳೋಣ" ಎಂದು, ಚಿತ್ರ ಗಿತ್ರ ಏನೂ ಇಲ್ಲದ ಒಂದು ಕಪ್ಪು ಪರದೆ ತೆರೆದು ಮೂರೇ ಅಕ್ಷರ ಬಡಿದಳು. ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಬಂತು. ಯಾವುದು ಈಗ ಪ್ರಿಂಟಾಗುತ್ತಿದೆ, ಅದರ ಹಿಂದೆ ಯಾವುದು, ಅದರ ಹಿಂದೆ ಯಾವುದು. ನನ್ನದು ನಾಲ್ಕನೆಯದು. ಐದನೆಯದರ ಎದುರಿಗೆ ಯಾರ ಹೆಸರೂ ಇರಲಿಲ್ಲ.

"ಇದ್ಯಾರದೋ ಗೊತ್ತಿಲ್ಲ ಮೇಡಂ, ಮೂರು ದಿನದಿಂದ ಕಾಯ್ತಾ ಕೂತಿದೆ. ತೆಗೆದುಹಾಕ್ಲಾ?" ಎಂದಳು ಶೋಭಾ.

"ಬೇಡಮ್ಮಾ, ಬೇಡ" ಎಂದೆ. ಸ್ವಲ್ಪ ಜೋರಾಗಿಯೇ ಎಂದಿರಬೇಕು, ಆಕೆ ಕೈ ಹಿಂದಕ್ಕೆಳೆದುಕೊಂಡಳು.

ಯಾಕೆಂದರೆ ಹೀಗೆ ಎರಡು ಮೂರಕ್ಷರ ಕಳಿಸಿ ಪಟ್ಟಿ ತರಿಸಿಕೊಳ್ಳುವ ಕೆಲಸವನ್ನು ನಾನು ಎಪ್ಪತ್ತರ ದಶಕದಲ್ಲೇ, ಮಂಡ್ಯದಲ್ಲಿ, ಬಳಪ ಹಿಡಿದು ಮಾಡಿದ್ದೆ. ಅಂಥದೇ ಒಂದು ಪಟ್ಟಿಯಲ್ಲಿ ಅಂಥದೇ ಒಂದು ಹೆಸರಿಲ್ಲದ ಸಾಲು ಬಂದು ಕೂತಿತ್ತು.

ಮೈಸೂರಿನಲ್ಲಿ ಓದು ಮುಗಿಸಿ, ಕೆಲಸದ ಆದೇಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದ ಏಳೆಂಟು ತಿಂಗಳು ಅವು. ಮಂಡ್ಯದಲ್ಲಿ ನನ್ನ ಸೋದರಮಾವನದು ಒಂದು ಸಣ್ಣ ಅಚ್ಚುಕೂಟ. "ಮನೇಲಿ ಸುಮ್ನೆ ಕೂತು ಗೋಡೆ ನೋಡೋ ಬದ್ಲು ಇಲ್ಲಿ ಬಂದು ಕೂತು ಗೋಡೆ ನೋಡು ಬಾ" ಎಂದು ಮಾವ ನನ್ನನ್ನು ಮುಂದಿನ ಮೇಜಿಗೆ ಕೂರಿಸಿದ. ಬಂದವರ ಕೆಲಸ ಬರೆದುಕೊಂಡು, ಒಂದು ನಂಬರು ಕೊಟ್ಟು, ಅವರ ಹಸ್ತಪ್ರತಿಯನ್ನು ಗೋಡೆಯ ಕಿಂಡಿಯ ಮೂಲಕ ಒಳಗೆ ದಾಟಿಸುವುದು ನನ್ನ ಉದ್ಯೋಗ. ಒಳಗೆ ಕಾಲಲ್ಲಿ ತುಳಿದು ಅಚ್ಚೊತ್ತುವ ಒಂದೇ ಒಂದು ಟ್ರೆಡಲ್ ಯಂತ್ರ, ಗೋಡೆಯುದ್ದಕ್ಕೂ ಒಂದು ತಂತಿ. ನಂಬರಿನ ಪ್ರಕಾರ ಹಸ್ತಪ್ರತಿಗಳೆಲ್ಲ ಆ ತಂತಿಗೆ ನೇತುಬಿದ್ದು ತಮ್ಮ ಸರದಿ ಕಾಯುತ್ತಿದ್ದವು. ಮದುವೆ ಕಾರ್ಡು, ಸಹಕಾರ ಸಂಘದ ರಸೀದಿ ಪುಸ್ತಕ, ಪೌರಾಣಿಕ ನಾಟಕದ ಕರಪತ್ರ, ಎಲ್ಲವೂ ಒಂದೇ ತಂತಿಯಲ್ಲಿ.

ಸೀಸದ ಅಕ್ಷರದ ಮೊಳೆ ಜೋಡಿಸುವವನು, ಯಂತ್ರ ತುಳಿಯುವವನು, ಎರಡೂ ಕೆಂಚಣ್ಣನೇ. ನಿಡಘಟ್ಟದವನು, ಐವತ್ತರ ಆಚೆಈಚೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಅವನು ಮೊಳೆ ಜೋಡಿಸುವಾಗ ಯಾರೂ ಮಾತಾಡಿಸಬಾರದು ಎಂಬುದು ಅಚ್ಚುಕೂಟದ ಕಾನೂನು. ಆ ಕಾನೂನಿಗೊಂದು ಚರಿತ್ರೆ ಇತ್ತು. ಕೆಂಚಣ್ಣನ ಕಿವಿಗೂ ಬೆರಳಿಗೂ ನಡುವೆ ಬಾಗಿಲಿರಲಿಲ್ಲ. ಕೇಳಿದ್ದೆಲ್ಲ ಬೆರಳಿಗಿಳಿದು ಮೊಳೆಯಾಗಿಬಿಡುತ್ತಿತ್ತು. ಒಮ್ಮೆ ಮದ್ದೂರಿನವರೊಬ್ಬರು ಹೊಸ್ತಿಲಲ್ಲಿ ನಿಂತು ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ, ಏನು ಬಿಸಿಲಪ್ಪಾ, ನಡೆಯಕ್ಕಾಗಲ್ಲ ಎಂದರಂತೆ. ಅವರ ಮಗಳ ಮದುವೆಯ ಮುನ್ನೂರು ಕಾರ್ಡಿನಲ್ಲಿ, 'ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ಏನು ಬಿಸಿಲಪ್ಪಾ ನಡೆಯಕ್ಕಾಗಲ್ಲ ವಧೂವರರನ್ನು ಆಶೀರ್ವದಿಸಬೇಕಾಗಿ' ಎಂದು ಅಚ್ಚಾಯಿತು. ಗಂಡಿನ ಕಡೆಯವರು ಇದನ್ನು ಸೂಚನೆ ಎಂದೇ ತಿಳಿದು ಬಸ್‌ಸ್ಟಾಂಡಿಗೆ ಕಮಾನುಗಾಡಿ ಕಳಿಸಿಕೊಟ್ಟರಂತೆ. ಅಂದಿನಿಂದ ಮಾವ ಒಂದು ಸ್ಲೇಟು ತಂದು ಕಿಂಡಿಯಲ್ಲಿಟ್ಟ. ಕೇಳುವುದಿದ್ದರೆ ಬರೆದು ಕೇಳಬೇಕು.

ಗಿರಾಕಿಗಳು ಕೇಳುವುದು ಒಂದೇ ಪ್ರಶ್ನೆ: ನಮ್ಮದು ಎಲ್ಲಿಗೆ ಬಂತು? ಇದಕ್ಕೆ ನಾನು ಮೊದಮೊದಲು ಸ್ಲೇಟಿನ ತುಂಬ ವಿನಯಪೂರ್ವಕವಾಗಿ ವಾಕ್ಯ ಬರೆಯುತ್ತಿದ್ದೆ. ಕೆಂಚಣ್ಣ ಅದನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಪ್ಯಾರಾ ಜೋಡಿಸಬಹುದಿತ್ತು. ಕೊನೆಗೆ ನಾನೇ ಒಂದು ಭಾಷಾ ಸುಧಾರಣೆ ತಂದೆ. 'ಸಾಲು' ಎಂದಷ್ಟೇ ಬರೆದರೆ ತಂತಿಯ ಮೇಲಿರುವುದನ್ನೆಲ್ಲ ಕ್ರಮವಾಗಿ ಹೇಳಬೇಕು. ಉತ್ತರಕ್ಕೆ ಮೂರೇ ಮಾತು: ಇನ್ನೂ ತಂತಿಯಲ್ಲಿದ್ದರೆ ಅಥವಾ ಮೊಳೆ ಕಟ್ಟಿಟ್ಟು ಸರದಿಗೆ ನಿಂತಿದ್ದರೆ 'ಕಾದಿದೆ', ಮೊಳೆ ಜೋಡಿಸುತ್ತಿದ್ದರೆ 'ಕೂತಿದೆ', ಯಂತ್ರಕ್ಕೆ ಹತ್ತಿದ್ದರೆ 'ಏರಿದೆ'. ಮುಗಿದಿದ್ದರೆ ಏನೂ ಬರೆಯಬೇಕಾಗಿಲ್ಲ, ನಂಬರು ಪಟ್ಟಿಯಿಂದ ತಾನಾಗಿ ಮಾಯ. ಇಷ್ಟು ವ್ಯಾಕರಣ ಕಂಡುಹಿಡಿದು ನಾನು ಯಾರೂ ಸನ್ಮಾನ ಮಾಡದ ಪಂಡಿತೆಯ ಹಾಗೆ ಬೀಗುತ್ತಿದ್ದೆ. ಮಾವ ನನ್ನನ್ನು 'ಎಂ.ಎ. ಮೇಡಂ' ಎಂದು ಕರೆಯಲು ಶುರುಮಾಡಿದ್ದು ಆಗಲೇ ಇರಬೇಕು. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಒಂದೇ ಒಂದು ಬಗೆಯ ಕೆಲಸಕ್ಕೆ ಮಾತ್ರ ಸಾಲಿರಲಿಲ್ಲ. ಅದು ಉತ್ತರಕ್ರಿಯೆಯ ಕಾರ್ಡು. ಸತ್ತ ಹನ್ನೊಂದನೆಯ ದಿನದೊಳಗೆ ಅದು ಅಚ್ಚಾಗಿ ಊರೂರಿಗೆ ತಲುಪಬೇಕು. ಆದ್ದರಿಂದ ಎಂಥ ದೊಡ್ಡ ಮನುಷ್ಯರ ಮದುವೆ ಕಾರ್ಡು ಯಂತ್ರದ ಮೇಲಿದ್ದರೂ ಇಳಿಸಿ, ಇದನ್ನು ಏರಿಸುವುದು ಪದ್ಧತಿ. ಮದುವೆಯವರೂ ತಕರಾರು ಮಾಡುತ್ತಿರಲಿಲ್ಲ. ಸತ್ತವರಿಗೆ ಯಾರು ತಾನೇ ಹಿಂದೆ ನಿಲ್ಲಿ ಎನ್ನುತ್ತಾರೆ? ನಾನು ಅಲ್ಲಿದ್ದಷ್ಟು ದಿನ 'ಉತ್ತರಕ್ರಿಯೆ' ಎಂಬ ಪದದ ಮುಂದೆ 'ಕಾದಿದೆ' ಎಂದು ಓದಿದವಳಲ್ಲ, ಆ ಒಂದು ಸಲದ ತನಕ.

ಕೆಲಸದ ಸಂದರ್ಶನಕ್ಕೆಂದು ಸೋಮವಾರ ಮೈಸೂರಿಗೆ ಹೋಗಿದ್ದೆ. ಮಂಗಳವಾರ ಬಂದು ಕೂತು, ಅಭ್ಯಾಸಬಲದಿಂದ 'ಸಾಲು' ಎಂದು ಬರೆದು ಕಿಂಡಿಯಲ್ಲಿಟ್ಟೆ. ಸ್ಲೇಟು ಮರಳಿ ಬಂತು. ನಾನು ಕೊಟ್ಟ ನಂಬರುಗಳೆಲ್ಲ ಇದ್ದವು: ಒಂದು ಏರಿದೆ, ಒಂದು ಕೂತಿದೆ, ನಾಲ್ಕೋ ಐದೋ ಕಾದಿವೆ. ಎಲ್ಲದರ ಕೆಳಗೆ, ನಂಬರಿಲ್ಲದೆ, ಹೆಸರಿಲ್ಲದೆ ಒಂದು ಸಾಲು: 'ಉತ್ತರಕ್ರಿಯೆ. ಕಾದಿದೆ.'

ಪುಸ್ತಕ ತೆಗೆದು ನೋಡಿದೆ. ಅಂಥ ಕೆಲಸ ಯಾರೂ ಕೊಟ್ಟಿರಲಿಲ್ಲ. 'ಯಾರದು?' ಎಂದು ಬರೆದು ಕಳಿಸಿದೆ. ಸ್ಲೇಟು ಅದೇ ಪಟ್ಟಿಯನ್ನು ಹೊತ್ತು ವಾಪಸು ಬಂತು. ನಾನೇ ಮಾಡಿದ ವ್ಯಾಕರಣದಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಮರುದಿನವೂ ಅದು ಇತ್ತು. ಅದರ ಮರುದಿನವೂ. ಮೇಲಿನ ನಂಬರುಗಳು ಏರುತ್ತಿದ್ದವು, ಮಾಯವಾಗುತ್ತಿದ್ದವು, ಹೊಸವು ಬಂದು ಸೇರುತ್ತಿದ್ದವು. ಇದು ಮಾತ್ರ ಎಲ್ಲರಿಗೂ ದಾರಿ ಬಿಟ್ಟುಕೊಟ್ಟು, ಯಾವ ಅವಸರವೂ ಇಲ್ಲದ ನೆಂಟರ ಹಾಗೆ, ಕೊನೆಯಲ್ಲಿ ಕೂತೇ ಇತ್ತು. ಅವಸರದಲ್ಲಿ ಓಡಿಬರುವ ಸಾವನ್ನು ನೋಡಿದ್ದೆ. ತಾಳ್ಮೆಯಿಂದ ಕಾಯುವ ಸಾವನ್ನು ನೋಡಿರಲಿಲ್ಲ. ಮಾವನಿಗೆ ಆಗಾಗ ಎದೆ ಹಿಡಿದುಕೊಳ್ಳುತ್ತಿತ್ತು. ಅವನೇ ತನ್ನ ಕಾರ್ಡನ್ನು ಗುಟ್ಟಾಗಿ ಕಟ್ಟಿಸಿಟ್ಟುಕೊಂಡಿದ್ದಾನೆಯೇ ಎಂಬ ಯೋಚನೆ ಹೊಕ್ಕಿತು. ಅವನು ಕೆಮ್ಮಿದರೆ ನಾನು ಸ್ಲೇಟಿನ ಕಡೆ ನೋಡುತ್ತಿದ್ದೆ. ಬೆಳಿಗ್ಗೆ ಬಂದವಳು 'ಸಾಲು' ಎಂದು ಬರೆಯಲು ಬಳಪ ಎತ್ತಿ, ಕೆಳಗಿಟ್ಟು, ನೀರು ಕುಡಿದು, ಮತ್ತೆ ಎತ್ತುತ್ತಿದ್ದೆ. ಆ ಸಾಲು ಎಲ್ಲಿ ಮೇಲಕ್ಕೆ ಬಂದಿರುತ್ತದೋ ಎಂಬ ಭಯ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ತಡೆಯಲಾಗಲಿಲ್ಲ. ಮಧ್ಯಾಹ್ನ ಕೆಂಚಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮುದ್ದೆ ಬಿಚ್ಚಿದಾಗ ಹೋಗಿ ಎದುರಿಗೆ ನಿಂತೆ. ಊಟದ ಹೊತ್ತಿನಲ್ಲಿ ಮಾತಿಗೆ ಅಡ್ಡಿ ಇರಲಿಲ್ಲ.

"ಕೆಂಚಣ್ಣ, ಆ ಉತ್ತರಕ್ರಿಯೆ ಯಾರದು? ಮಾವಂದಾ?"

"ಬುಡ್ತು ಅನ್ನವ್ವ! ಅವರ್ದ್ಯಾಕಾದದು."

"ಮತ್ತೆ? ಸತ್ತಿರೋದು ಯಾರು?"

"ಯಾರೂ ಸತ್ತಿಲ್ಲ ಕಣವ್ವ. ಅದಕ್ಕೇ ಕಾಯ್ತಾ ಇರೋದು" ಎಂದು ಒಂದು ತುತ್ತು ನುಂಗಿದ. "ಮಳವಳ್ಳಿ ಅಜ್ಜಿ ಬಂದಿದ್ರು, ನೀನು ಮೈಸೂರ್ಗೆ ಓಗಿದ್ದ ದಿನ. ಕಾಗದದ ಬಂಡಲ್ ಮ್ಯಾಲೆ ಕೂತ್ಕಂಡು, ನನ್ ತಿಥಿ ಕಾರ್ಡು ಕಟ್ಟು ಕೆಂಚ, ಯಜಮಾನನಿಗೆ ಏಳ್ಬ್ಯಾಡ ಅಂದ್ರು. ಕಟ್ಟಿವ್ನಿ. ಆದ್ರೆ ಬದುಕಿರೋರ ಮ್ಯಾಲೆ ಮಸಿ ಆಕಕ್ಕೆ ಕಾಲು ಬರಾಕಿಲ್ಲ."

"ಗುಟ್ಟು ಅಂದ್ಮೇಲೆ ಸ್ಲೇಟಲ್ಲಿ ಯಾಕೆ ಬರೆದೆ?"

"ಸಾಲು ಅಂತ ಕೇಳ್ದ್ಯಲ್ಲ. ಸಾಲಲ್ಲಿರೋದ್ನ ಏಳ್ದೆ ಇರಕ್ಕಾದದಾ?"

ಮಳವಳ್ಳಿ ಅಜ್ಜಿ ಎಂದರೆ ನನ್ನ ಅಮ್ಮನಿಗೂ ಮಾವನಿಗೂ ತಾಯಿ. ಅವಳ ಕಿರಿಯ ಮಗಳು ನಾಗಮ್ಮ, ನನ್ನ ಚಿಕ್ಕಮ್ಮ. ಚಿಕ್ಕಮ್ಮ ಒಂಬತ್ತು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ, ಅವನಿಗೆ ವಿದ್ಯುತ್ ಕೇಂದ್ರದಲ್ಲಿ ಕೆಲಸವಿದ್ದ ಬ್ಲಫ್‌ನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದಳು. ಮಳವಳ್ಳಿಯಿಂದ ಬ್ಲಫ್ ಎಷ್ಟು ದೂರ? ಬಸ್ಸಿನಲ್ಲಿ ಕೂತು ಕಡಲೆಕಾಯಿ ಸುಲಿಯತೊಡಗಿದರೆ ಪೊಟ್ಟಣ ಮುಗಿಯುವುದರೊಳಗೆ ಸಿಗುವ ಊರು. ಆದರೆ ಒಂಬತ್ತು ವರ್ಷ ತಾಯಿ ಮಗಳು ಮುಖ ನೋಡಿರಲಿಲ್ಲ. ಮದುವೆಯ ದಿನ ಅಜ್ಜಿ ಬೀದಿಯಲ್ಲಿ ನಿಂತು, ಇನ್ನು ನೀನು ಈ ಮನೆಗೆ ಬರುವುದಿದ್ದರೆ ನಾನು ಸತ್ತ ಮೇಲೆ ಬಾ ಎಂದಿದ್ದಳು. ಚಿಕ್ಕಮ್ಮ ತಾಯಿಯ ಮಗಳೇ, ಹಾಗೇ ಆಗಲಿ ಎಂದು ಹೋಗಿದ್ದಳು.

ಭಾನುವಾರ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಬುದ್ಧಿವಾದದ ವಾಕ್ಯಗಳನ್ನು ಜೋಡಿಸಿಕೊಂಡೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ಕೆಂಚ ಬಾಯ್ ಬುಟ್ನಾ?" ಎಂದಳು.

"ಇದೇನಜ್ಜಿ ಇದು, ಬದುಕಿರುವಾಗಲೇ…"

"ಕೂತ್ಕೊ, ಕಾಯಿ ಸುಲಿ. ಸುಮ್ನೆ ಕೂತು ಮಾತಾಡ್ಬ್ಯಾಡ."

ಸುಲಿಯುತ್ತಾ ಕೇಳಿದೆ. ಚಿಕ್ಕಮ್ಮನನ್ನು ನೋಡಬೇಕಿದ್ದರೆ ಒಂದು ಕಾಗದ ಬರೆದು ಕರೆಸಬಹುದಲ್ಲ, ನಾನೇ ಬರೆದುಕೊಡುತ್ತೇನಲ್ಲ ಎಂದೆ.

"ಎಂಗ್ ಕರೀಲಿ? ಸತ್ತಮ್ಯಾಕೆ ಬಾ ಅಂದಿವ್ನಿ, ಬೀದಿ ಜನದ ಮುಂದೆ. ಆಡಿದ್ ಮಾತ ನುಂಗಕ್ಕಾದದಾ? ಅವಳೂ ಅಂಗೇ, ಬಾ ಅಂದ್ರೆ ಬರೋಳಲ್ಲ. ಸತ್ತೆ ಅಂತ ಅಚ್ಚಾಗಿ ಓದ್ರೆ ಬತ್ತಳೆ. ನನ್ ಮಾತೂ ಉಳೀತದೆ, ಅವಳ ಮಾತೂ ಉಳೀತದೆ."

"ಅದು ಸುಳ್ಳಲ್ವಾ ಅಜ್ಜಿ?"

"ಯಾವ ಸುಳ್ಳು? ನಾನೇನು ಸಾಯಾಕಿಲ್ವಾ? ಇವತ್ತಲ್ಲ ನಾಳೆ ನಿಜ ಆಗೋ ಮಾತೇಯ. ಒಸಿ ಮುಂಚೆ ಅಚ್ಚಾಕ್ಸಿವ್ನಿ, ಅಷ್ಟೇಯ" ಎಂದು ಒಂದು ಹುಳುಕು ಕಾಳನ್ನು ಬೀದಿಗೆ ಎಸೆದಳು. "ಮುಖ ಮರ್ತೋಯ್ತಾ ಅದೆ ಕಣ್ ಮಗಾ. ಕಣ್ ಮುಚ್ಚಿದ್ರೆ ಮೂಗು ಬತ್ತದೆ, ಬಾಯಿ ಬರಾಕಿಲ್ಲ. ಒಂದೇ ಒಂದು ಪ್ರತಿ ತೆಗ್ದು ಅವಳ್ಗೆ ಕಳ್ಸು. ನಿನ್ ದಮ್ಮಯ್ಯ."

ಎಂ.ಎ. ಓದಿದವಳ ಬುದ್ಧಿವಾದಗಳೆಲ್ಲ ಅವರೆಸಿಪ್ಪೆಯ ಜೊತೆ ಮೊರದಲ್ಲಿ ಬಿದ್ದವು. ಸತ್ತ ತಾರೀಖು ಏನು ಹಾಕಿಸಲಿ ಎಂದು ಮಾತ್ರ ಕೇಳಿದೆ. "ಅದು ನಂಗೇನ್ ಗೊತ್ತು, ಖಾಲಿ ಬುಡು" ಎಂದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಸೋಮವಾರ ಮಾವ ಕಾಗದ ತರಲು ಹೋದ. ನಾನು ಒಳಗೆ ಹೋಗಿ ಕೆಂಚಣ್ಣನಿಗೆ ಹೇಳಿದೆ. ಇಲ್ಲಿಂದ ಮುಂದೆ ನನ್ನ ಮಾತನ್ನು ಜೋಪಾನವಾಗಿ ಕೇಳಿ, ಯಾಕೆಂದರೆ ನಾನೇ ಅದನ್ನು ಪೂರ್ತಿ ನಂಬುವುದಿಲ್ಲ. ಖಾಲಿ ಬಿಡು ಎಂದು ಅಜ್ಜಿ ಹೇಳಿದ್ದನ್ನು ಹೇಳಿದೆ ಎಂದು ನನ್ನ ನೆನಪು. ಸತ್ತವರ ಕಾರ್ಡಿನಲ್ಲಿ ತಾರೀಖಿನ ಜಾಗ ಖಾಲಿ ಬಿಡಬಾರದು, ಬಿಟ್ಟರೆ ಅದು ತನ್ನ ತಾರೀಖನ್ನು ತಾನೇ ಹುಡುಕಿಕೊಂಡು ಹೊರಡುತ್ತದೆ, ಕೈಗೆ ಸಿಕ್ಕಿದ ಅಂಕಿ ತುಂಬಿಡಬೇಕು ಎಂದು ಕೆಂಚಣ್ಣ ಹೇಳಿದನೆಂದೂ ನೆನಪು. ಕೊನೆಗೆ ಏನು ತೀರ್ಮಾನವಾಯಿತು? ದಿನಚರಿಯಲ್ಲಿ, 'ತಾರೀಖಿನ ವಿಷಯ ಕೆಂಚಣ್ಣನ ಜೊತೆ ಮಾತಾಯಿತು' ಎಂದಷ್ಟೇ ಇದೆ. ಎಂಥ ಸಾಕ್ಷ್ಯ! ಅವತ್ತು ಊಟಕ್ಕೆ ಏನಿತ್ತು ಎಂಬುದನ್ನು ಎರಡು ಸಾಲು ಬರೆದಿದ್ದೇನೆ.

ಅವನು ಟ್ರೆಡಲ್ ಹತ್ತಲಿಲ್ಲ. ಕಟ್ಟಿದ ಮೊಳೆಗೆ ಕೈಯಿಂದಲೇ ಮಸಿ ಸವರಿ, ಕಾರ್ಡು ಒತ್ತಿ, ಒಂದೇ ಒಂದು ಪ್ರತಿ ತೆಗೆದು, ಮುಖ ಆಚೆ ತಿರುಗಿಸಿ ನನ್ನ ಕೈಗೆ ಕೊಟ್ಟ. ಓದಿದೆ. 'ನಮ್ಮ ತಾಯಿಯವರು ದೈವಾಧೀನರಾದ ಪ್ರಯುಕ್ತ ಉತ್ತರಕ್ರಿಯಾದಿಗಳನ್ನು ನೆರವೇರಿಸಲು ದೈವಪ್ರೇರಣೆಯಾಗಿರುವುದರಿಂದ' ಎಂಬ ಒಕ್ಕಣೆ. ಒಬ್ಬರು ಸತ್ತದ್ದಕ್ಕೂ ಅವರ ತಿಥಿಗೂ ಎರಡೆರಡು ಸಲ ದೈವವನ್ನು ಹೊಣೆ ಮಾಡುವ ಈ ವಾಕ್ಯವನ್ನು ಯಾರು ಮೊದಲು ಬರೆದರೋ. ತೇವ ಆರದ ಮಸಿಯಲ್ಲಿ ಅಜ್ಜಿಯ ಹೆಸರು. ಆರುವ ತನಕ ಊದಿದೆ. ಲಕೋಟೆಗೆ ಹಾಕಿ, ಬ್ಲಫ್‌ನ ವಿಳಾಸ ಬರೆದು, ಅಂಚೆಗೆ ಹಾಕಿ ಬಂದೆ. ಮೊಳೆಯನ್ನು ಬಿಚ್ಚಬೇಡ ಎಂದು ಯಾರೂ ಹೇಳಿರಲಿಲ್ಲ, ಕೆಂಚಣ್ಣ ಬಿಚ್ಚಲೂ ಇಲ್ಲ. ದಾರ ಸುತ್ತಿ ಮೂಲೆಗಿಟ್ಟ. ಸಂಜೆ 'ಸಾಲು' ಎಂದರೆ ಅದು ಇನ್ನೂ ಅಲ್ಲೇ: 'ಕಾದಿದೆ.'

ಬುಧವಾರ ಅಜ್ಜಿಯ ಜೊತೆಗಿರಲೆಂದು ಮಳವಳ್ಳಿಗೆ ಹೋದೆ. ಗುರುವಾರ ಬೆಳಿಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಜಗಲಿಯಲ್ಲಿ ಕೂತಳು. ಯಾಕಜ್ಜಿ ಇವತ್ತೇ ಎಂದು ಕೇಳಿದ್ದಕ್ಕೆ, ಸುಮ್ಮನೆ ಎಂದಳು. ಹನ್ನೊಂದರ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಿಂದ ಅಳು ಕೇಳಿಸಿತು. "ಅವ್ವಾ, ನನ್ನವ್ವಾ" ಎಂದು ಎದೆ ಬಡಿದುಕೊಳ್ಳುತ್ತಾ ಚಿಕ್ಕಮ್ಮ ಬರುತ್ತಿದ್ದಳು. ಮನೆಯ ಮುಂದೆ ಬಂದವಳು ತಲೆಯೆತ್ತಿ ನೋಡಿದಳು. ಅಳು ಅರ್ಧಕ್ಕೆ ನಿಂತಿತು.

"ಬಂದ್ಯಾ?" ಎಂದಳು ಅಜ್ಜಿ. "ಕೈಕಾಲ್ ತೊಳ್ಕೊ. ಮುದ್ದೆ ಆರೋಯ್ತದೆ."

"ಸತ್ತಿಲ್ವೇನವ್ವ ನೀನು?"

"ಸತ್ತಿವ್ನಿ ಅಂತ ಅಚ್ಚಾಗಿ ಬಂದದಲ್ಲ, ಓದಿಲ್ವಾ? ಯಾವತ್ತು ಸಿಕ್ತು ಕಾರ್ಡು?"

ಚಿಕ್ಕಮ್ಮ ಕಂಬ ಹಿಡಿದುಕೊಂಡಳು. "ಮಂಗಳವಾರ" ಎಂದಳು.

ಅಜ್ಜಿ ಮಂಗಳವಾರದಿಂದ ಗುರುವಾರಕ್ಕೆ ಬೆರಳು ಮಡಿಸಿದಳು. ಎದ್ದು ಒಳಗೆ ಹೋಗಿ ತಟ್ಟೆ ಹಾಕಿದಳು. ಈ 'ಮಂಗಳವಾರ' ನನ್ನ ನೆನಪಲ್ಲ, ದಿನಚರಿಯಲ್ಲಿದೆ. ಅಡಿಗೆರೆ ಎಳೆದು ಬರೆದಿದ್ದೇನೆ.

ಅವತ್ತಿನ ಮಧ್ಯಾಹ್ನ ಆ ಮನೆಯಲ್ಲಿ ಒಂಬತ್ತು ವರ್ಷದ ಮಾತು ಒಂದೇ ಸಲ ಬಿಚ್ಚಿಕೊಂಡಿತು. ಬೈಗುಳವೇ ಹೆಚ್ಚು. "ಕುಲಗೇಡಿ ಮುಂಡೆ" ಎಂದು ಅಜ್ಜಿ ಪ್ರೀತಿಯಿಂದ ಬೈಯುವುದೂ, "ನೀನೇನ್ ಕಮ್ಮಿ ಮುದುಕಿ" ಎಂದು ಚಿಕ್ಕಮ್ಮ ತಿರುಗಿಸುವುದೂ, ಇಬ್ಬರೂ ಕಣ್ಣೊರೆಸಿಕೊಳ್ಳುವುದೂ ನಡೆಯಿತು. ಚಿಕ್ಕಮ್ಮ ತಾಯಿಯ ತಲೆ ಬಾಚಿದಳು. ಅಜ್ಜಿ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಗಿರಾಕಿ ಪ್ರೂಫು ನೋಡುವ ಹಾಗೆ. ಆಮೇಲೆ, ಒಸಿ ಒರಗ್ತೀನಿ ಎಂದು ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಲು ಹೋದರೆ ಏಳಲಿಲ್ಲ.

ಮಾವ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ. ತಾಯಿಯ ತಲೆಯ ಬಳಿ ಕೂತಿದ್ದ ತಂಗಿಯನ್ನು ನೋಡಿದ. ಸತ್ತ ಮೇಲೆ ಬಂದವಳನ್ನು ಹೋಗು ಎನ್ನುವಂತಿರಲಿಲ್ಲ, ತಾಯಿಯೇ ಹೇಳಿದ್ದ ಮಾತು. ಕೇಳಿದ:

"ನಿಂಗ್ಯಾರು ಏಳಿದ್ರು?"

"ಕಾರ್ಡು ಬಂತು" ಎಂದಳು ಚಿಕ್ಕಮ್ಮ.

"ಕಾರ್ಡಾ? ನಾನಿನ್ನೂ ಅಚ್ಚೇ ಆಕ್ಸಿಲ್ವಲ್ಲ" ಎಂದ ಮಾವ. ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನೆಲ ನೋಡಿದೆ.

ಮೂರನೆಯ ದಿನದ ಹಾಲುತುಪ್ಪದ ಶಾಸ್ತ್ರ ಮುಗಿಸಿ ಮಂಡ್ಯಕ್ಕೆ ಬಂದೆ. ಮಾವ ನನಗಿಂತ ಮುಂಚೆಯೇ ಬಂದು ಒಳಗೆ ಹೋಗಿದ್ದ. ಕಿಂಡಿಯಲ್ಲಿ ಸ್ಲೇಟಿತ್ತು. 'ಸಾಲು' ಎಂದು ಬರೆದಿಟ್ಟೆ. ಮರಳಿ ಬಂದ ಪಟ್ಟಿಯಲ್ಲಿ ನಂಬರಿಲ್ಲದ ಆ ಸಾಲು ಎಲ್ಲಕ್ಕಿಂತ ಮೇಲಿತ್ತು: 'ಉತ್ತರಕ್ರಿಯೆ. ಏರಿದೆ.' ಗೋಡೆಯ ಆಚೆ ಟ್ರೆಡಲ್ ಬಡಿಯತೊಡಗಿತು.

ಅಚ್ಚಾದ ಕಾರ್ಡೊಂದು ಈಗಲೂ ದಿನಚರಿಯೊಳಗಿದೆ. ಅದರಲ್ಲಿ ಸತ್ತ ದಿನವೆಂದು ಆ ಗುರುವಾರದ ತಾರೀಖಿದೆ. ಇರಬೇಕಾದದ್ದೇ. ಆದರೆ ಅದನ್ನು ಕೈಗೆತ್ತಿಕೊಂಡಾಗ ನನಗೆ ಅನಿಸಿದ್ದು, ಇದನ್ನು ಮೊದಲೇ ಓದಿದ್ದೇನೆ ಎಂದು. ಸೋಮವಾರ ತೇವದ ಮಸಿಯಲ್ಲಿ, ಇದೇ ಜಾಗದಲ್ಲಿ, ಇದೇ ಅಂಕಿ. ಊಟದ ಹೊತ್ತಿಗೆ ಕೆಂಚಣ್ಣನನ್ನು ಕೇಳಿದೆ. "ನಾನು ಅಂಕಿ ಮುಟ್ನಿಲ್ಲ ಕಣವ್ವ. ಕಟ್ಟಿಟ್ಟಿದ್ದ ಅಂಗೇ ಏರ್ಸಿದೆ" ಎಂದ. ಸ್ಲೇಟಿನ ಮೇಲೆ ಒಂದು ಸುಳ್ಳು ಬರೆಯದ ಮನುಷ್ಯ ಅವನು. ಬಾಯಲ್ಲಿ ಮಾತ್ರ ನಿಡಘಟ್ಟದ ಬಸ್ಸಿನ ಅಷ್ಟೂ ಜನಕ್ಕೆ ದೆವ್ವದ ಕಥೆ ಹೇಳುತ್ತಿದ್ದವನು. ಅದಕ್ಕೇ ಸ್ಲೇಟಿನಲ್ಲೇ ಕೇಳೋಣವೆಂದು 'ತಾರೀಖು?' ಎಂದು ಬರೆದು ಕಳಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು ವಾಪಸು ಬಂತು. ಅಥವಾ ಬೆಳಿಗ್ಗೆ ಒಳಗೆ ಹೋಗಿದ್ದ ಮಾವನೇ ಅಂಕಿ ಬದಲಿಸಿರಬಹುದು. ಅವನಿಗೂ ಮೊಳೆ ಜೋಡಿಸಲು ಬರುತ್ತಿತ್ತು. ಆ ಮೊಳೆಗಟ್ಟನ್ನು ನೋಡಿ ನೀನೇನೆಂದುಕೊಂಡೆ ಎಂದು ಅವನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಎಂ.ಎ. ಓದುವಾಗ ವೈದ್ಯನಾಥಪುರದ ಹಳೆಯ ದೇವಸ್ಥಾನಕ್ಕೆ ನಮ್ಮನ್ನು ಕರೆದುಕೊಂಡು ಹೋಗಿದ್ದ ಮೇಷ್ಟ್ರು ಶಾಸನಗಳ ಬಗ್ಗೆ ಒಂದು ಮಾತು ಹೇಳಿದ್ದರು. ಕಲ್ಲಿನಲ್ಲಿ ಒಂದು ತಿಥಿ ಇದೆಯೆಂದರೆ ಅದನ್ನು ಆ ದಿನವೇ ಕೆತ್ತಿದರೆಂದು ನಂಬಬೇಡಿ, ಕೆತ್ತುವವನು ಬಂದದ್ದು ಯಾವತ್ತೋ ಎಂದು. ನೆನಪೂ ಹಾಗೇ ಕೆತ್ತುತ್ತದೆ ಎಂದು ನನಗೆ ಗೊತ್ತು. ಅಚ್ಚಾದ ಕಾರ್ಡನ್ನು ನೋಡಿದ ಮೇಲೆ, ಅದರ ಅಂಕಿಯನ್ನು ಹಿಂದಕ್ಕೆ ಒಯ್ದು ಸೋಮವಾರದ ಪ್ರತಿಯ ಖಾಲಿ ಜಾಗದಲ್ಲಿ ನಾನೇ ತುಂಬಿರಬೇಕು. ಇದು ಹಗಲಿನ ಹೊತ್ತಿನ ನನ್ನ ತೀರ್ಮಾನ. ಮುಸ್ಸಂಜೆಯಾದರೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆಮೇಲಿನ ವಾರ ನನ್ನ ಕೆಲಸದ ಆದೇಶ ಬಂದು ಬೇರೆ ಊರಿಗೆ ಹೋದೆ. ಕೆಂಚಣ್ಣ ಈಗಿಲ್ಲ, ಮಾವನೂ ಇಲ್ಲ, ಮೊಳೆಗಳನ್ನು ಸೀಸದ ತೂಕಕ್ಕೆ ಮಾರಿದರು. ಸೋಮವಾರದ ಆ ಒಂದು ಪ್ರತಿ ಇರುವುದು ಒಬ್ಬರ ಹತ್ತಿರ ಮಾತ್ರ.

ಚಿಕ್ಕಮ್ಮನ ಯಜಮಾನರು ನಿವೃತ್ತರಾದ ಮೇಲೆ ಅವರು ಮಳವಳ್ಳಿಯಲ್ಲೇ ಮನೆ ಮಾಡಿದ್ದಾರೆ. ಶೋಭಾ ಪಟ್ಟಿ ತೋರಿಸಿದ ಮುಂದಿನ ಭಾನುವಾರ ಹೋದೆ. ಚಿಕ್ಕಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಥೇಟ್ ಅಜ್ಜಿಯದೇ. ಕಪ್ಪು ಪರದೆಯ ಕಥೆ ಹೇಳಿ ನಗಿಸಿದೆ. ಆ ಕಾರ್ಡು ಇನ್ನೂ ಇದೆಯಾ ಎಂದು ಕೇಳಿದೆ. "ಐತೆ, ಟ್ರಂಕಲ್ಲಿ" ಎಂದಳು. ತೋರಿಸಲು ಏಳಲಿಲ್ಲ.

ಅಲ್ಲಿಗೆ ಬಸ್ಸಿನಲ್ಲಿ ಹೋಗುವಾಗಲೇ ನಾನು ಒಂದು ವಿಷಯವನ್ನು ಮೊದಲ ಸಲ ಯೋಚಿಸಿದ್ದೆ. ತಾರೀಖಿನ ಬಗ್ಗೆ ನಾನು ಕೇಳಬೇಕೆಂದಿದ್ದ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ತಾರೀಖು ಇರಲಿಲ್ಲವೆಂದರೆ, ತಾಯಿ ಸತ್ತಳೆಂಬ ಕಾರ್ಡು ಕೈಯಲ್ಲಿ ಹಿಡಿದು ಅವಳು ಎರಡು ದಿನ ಬ್ಲಫ್‌ನಲ್ಲಿ ಕೂತಿದ್ದಳು. ಇತ್ತೆಂದರೆ, ಇನ್ನೂ ಬಾರದ ಗುರುವಾರವನ್ನು ಓದಿ, ಆ ಗುರುವಾರಕ್ಕಾಗಿ ಕಾದಳು. ಎರಡರಲ್ಲಿ ಯಾವ ಉತ್ತರವನ್ನು ಒಬ್ಬ ಮಗಳ ಬಾಯಿಂದ ಹೇಳಿಸಬೇಕು? ಕೇಳದೆ ಬರುವುದೇ ಮರ್ಯಾದೆ ಎಂದು ಮದ್ದೂರು ದಾಟುವಷ್ಟರಲ್ಲಿ ನಿಶ್ಚಯಿಸಿದ್ದೆ. ಆದರೆ ಎದುರಿಗೆ ಕೂತು, ಅವಳು ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಬಾಯಿ ತಾನಾಗಿ ಆಡಿಬಿಟ್ಟಿತು.

"ಚಿಕ್ಕಮ್ಮ, ನಿನಗೆ ಬಂದ ಕಾರ್ಡಿನಲ್ಲಿ ತಾರೀಖು ಇತ್ತಾ?"

ಚಿಕ್ಕಮ್ಮ ನನ್ನ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಲ್ಲಿಂದೀಚೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಇದೊಂದನ್ನು ಇನ್ನೂ ಹೇಳಿಲ್ಲ.